ಗೆಳೆಯ ಹಾರಿದ ದಾರಿ

ವಿಎಎಎಚ್ ಎಂದರೆ ಅಹಮದಾಬಾದ್. ವಿಎಬಿಒ ವಡೋದರಾ. ವಿಎಎಸ್‌ಯು ಸೂರತ್. ವಿಮಾನಯಾನದ ಕಡತಗಳಲ್ಲಿ ಪ್ರತಿ ನಿಲ್ದಾಣಕ್ಕೂ ಇಂಥದೊಂದು ನಾಲ್ಕಕ್ಷರದ ಹೆಸರಿದೆ. ಪ್ರಯಾಣಿಕರ ಟಿಕೆಟಿನ ಮೇಲೆ ಇದು ಕಾಣುವುದಿಲ್ಲ, ಅಲ್ಲಿರುವುದು ಮೂರಕ್ಷರದ ಬೇರೆ ಸಂಕೇತ. ಈ ನಾಲ್ಕಕ್ಷರಗಳನ್ನು ಬಾಯಿಪಾಠ ಮಾಡಿಕೊಂಡವರು ಪೈಲಟ್‌ಗಳು, ನಿಯಂತ್ರಣ ಗೋಪುರದವರು, ಮತ್ತೆ ಇನ್ನೊಂದು ಬಗೆಯ ಜನ. ರಾತ್ರಿ ಊಟ ಮುಗಿಸಿ, ಮನೆಮಂದಿ ಮಲಗಿದ ಮೇಲೆ, ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸುವವರು.

ಬ್ರೂಸ್ ಆರ್ಟ್‌ವಿಕ್ ಎಂಬ ಅಮೆರಿಕನ್ ಎಂಜಿನಿಯರು ಬರೆದ ಮೊದಲ ಫ್ಲೈಟ್ ಸಿಮ್ಯುಲೇಟರ್ ಮಾರಾಟಕ್ಕೆ ಬಂದದ್ದು 1979ರ ಕೊನೆಯ ಹೊತ್ತಿಗೆ. ಮೈಕ್ರೋಸಾಫ್ಟ್ ಅದನ್ನು 1982ರಲ್ಲಿ ಐಬಿಎಂ ಕಂಪ್ಯೂಟರಿಗೆ ತಂದಿತು. ನಾಲ್ಕು ಗೆರೆ ಎಳೆದರೆ ರನ್‌ವೇ, ಇನ್ನೊಂದು ಗೆರೆ ಎಳೆದರೆ ದಿಗಂತ, ಅಷ್ಟೇ. ಆದರೂ ಜನ ಕಣ್ಣು ಕೀಳಲಾರದೆ ಕೂತರು. ಬಹುಕಾಲ ಇದು ಒಂಟಿಯಾಟವಾಗಿತ್ತು. ಅಂತರ್ಜಾಲ ಬಂದ ಮೇಲೆ, 1997ರ ಸುಮಾರಿಗೆ, ಸ್ಯಾಟ್ಕೊ ಎಂಬ ಜಾಲದಲ್ಲಿ ಒಬ್ಬರ ಆಕಾಶಕ್ಕೆ ಇನ್ನೊಬ್ಬರು ಬರುವಂತಾಯಿತು. 2001ರಲ್ಲಿ ಅದರಿಂದ ವ್ಯಾಟ್ಸಿಮ್ ಹುಟ್ಟಿತು. ಇಲ್ಲಿ ಪೈಲಟ್ ಒಬ್ಬ ಹವ್ಯಾಸಿಯಾದರೆ, ಗೋಪುರದಲ್ಲಿ ಕೂತು ಅವನಿಗೆ ಇಳಿಯಲು ಅನುಮತಿ ಕೊಡುವವನೂ ಹವ್ಯಾಸಿಯೇ. ಯಾರಿಗೂ ಕಾಸಿಲ್ಲ. ಆದರೆ ಪರೀಕ್ಷೆ ಪಾಸಾಗದೆ ಗೋಪುರ ಹತ್ತುವಂತಿಲ್ಲ, ಮಾತು ತಪ್ಪಿದರೆ ತಿದ್ದಿಸಿಕೊಳ್ಳದೆ ಬಿಡುವಂತಿಲ್ಲ. ಆಟವೆಂದು ಕರೆದರೆ ಇವರಿಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ.

ಇಂಥ ಬಳಗದಲ್ಲಿ ಹುಟ್ಟುವ ಸ್ನೇಹಕ್ಕೆ ಮುಖವಿರುವುದಿಲ್ಲ. ಒಂದು ದನಿ, ಒಂದು ಸದಸ್ಯ ಸಂಖ್ಯೆ, ಒಂದು ಕರೆಸಂಕೇತ, ಇಷ್ಟೇ. ಹತ್ತು ವರ್ಷ ಜೊತೆಗೆ ಹಾರಿದವನ ಹೆಂಡತಿ ಮಕ್ಕಳ ಹೆಸರು ಗೊತ್ತಿರುವುದಿಲ್ಲ, ಅವನು ಮೋಡದೊಳಗೆ ಇಳಿಯುವಾಗ ದನಿ ಸಣ್ಣಗಾಗುತ್ತದೆ ಎಂಬುದು ಮಾತ್ರ ಗೊತ್ತಿರುತ್ತದೆ. ಅಂಥವನು ತೀರಿಕೊಂಡರೆ ಸುದ್ದಿ ಬರುವುದು ತಡವಾಗಿ, ಕೆಲವೊಮ್ಮೆ ಬರುವುದೇ ಇಲ್ಲ. ಹಗಲಿರುಳು ಹಾರುತ್ತಿದ್ದವನು ವಾರಗಟ್ಟಲೆ ಕಾಣಲಿಲ್ಲ ಎಂಬುದೇ ಮೊದಲ ಸೂಚನೆ. ಸಾವು ಖಚಿತವಾದ ಮೇಲೆ ಅವರು ಒಂದು ಕೆಲಸ ಮಾಡುತ್ತಾರೆ. ಸಂಜೆಯೊಂದನ್ನು ಗೊತ್ತುಮಾಡಿ, ಸತ್ತವನಿಗೆ ಪ್ರಿಯವಾಗಿದ್ದ ವಿಮಾನವನ್ನೇ ಹತ್ತಿ, ಅವನ ಊರಿನ ನಿಲ್ದಾಣದಿಂದ ಒಬ್ಬರ ಹಿಂದೊಬ್ಬರು ಎದ್ದು, ಅವನು ಹಾರುತ್ತಿದ್ದ ದಾರಿಯಲ್ಲಿ ಮತ್ತೊಮ್ಮೆ ಹಾರುತ್ತಾರೆ. ಹಾರ ಹಾಕಲು ಫೋಟೋ ಇಲ್ಲದವರು ಮಾಡಬಹುದಾದದ್ದು ಇದೇ.

ಕಂಪ್ಯೂಟರಿನವರು ಕಂಡುಹಿಡಿದ ಪದ್ಧತಿಯಲ್ಲ ಇದು. ಹೋದವರ ದಾರಿಯನ್ನು ಮತ್ತೆ ಹಾರುವುದು ವಿಮಾನದಷ್ಟೇ ಹಳೆಯದು. ಅಹಮದಾಬಾದಿನ ಆಕಾಶ ಅದನ್ನು ನಿಜವಾದ ರೆಕ್ಕೆಗಳ ಮೇಲೆಯೇ ಕಂಡಿದೆ.

*

1932ರ ಅಕ್ಟೋಬರ್ 15. ಬೆಳಿಗ್ಗೆ ಕರಾಚಿಯ ಡ್ರಿಗ್ ರೋಡ್ ಮೈದಾನದಿಂದ ಒಂದು ಪುಸ್ ಮಾತ್ ವಿಮಾನ ಎದ್ದಿತು. ಒಂದೇ ಎಂಜಿನ್, ರೇಡಿಯೋ ಇಲ್ಲ. ಒಳಗಿದ್ದದ್ದು ಅಂಚೆಚೀಲ ಮತ್ತು 28 ವರ್ಷದ ಜೆ.ಆರ್.ಡಿ. ಟಾಟಾ. ಇಂಗ್ಲೆಂಡಿನಿಂದ ಕರಾಚಿಯವರೆಗೆ ವಿಮಾನದಲ್ಲಿ ಬರುತ್ತಿದ್ದ ಅಂಚೆ ಅಲ್ಲಿಂದ ಮುಂದೆ ರೈಲು ಹತ್ತುತ್ತಿತ್ತು. ಆ ರೈಲಿನ ದಿನಗಳನ್ನು ಉಳಿಸುವುದೇ ಈ ಸಾಹಸದ ಉದ್ದೇಶ. ಮೊದಲ ನಿಲುಗಡೆ ಅಹಮದಾಬಾದ್. ಅಲ್ಲಿ ವಿಮಾನಕ್ಕೆ ಕುಡಿಸುವ ಪೆಟ್ರೋಲ್ ಡಬ್ಬಗಳು ಮೈದಾನಕ್ಕೆ ಬಂದದ್ದು ಎತ್ತಿನ ಗಾಡಿಯಲ್ಲಿ. ಭಾರತದ ವಿಮಾನಯಾನದ ಬಗ್ಗೆ ಹೇಳುವ ಕತೆಗಳಲ್ಲಿ ಇದಕ್ಕಿಂತ ಸೊಗಸಾದ ಚಿತ್ರ ಸಿಗುವುದು ಕಷ್ಟ, ಅದಕ್ಕೇ ಎಲ್ಲರೂ ಇದನ್ನೇ ಹೇಳುತ್ತಾರೆ.

ಅಹಮದಾಬಾದಿನಿಂದ ಬೊಂಬಾಯಿಗೆ ಹಾರುವವರಿಗೆ ಆ ಕಾಲದಲ್ಲಿ ನದಿಗಳೇ ಮೈಲಿಗಲ್ಲು. ಸಾಬರಮತಿಯನ್ನು ಬಿಟ್ಟು ದಕ್ಷಿಣಕ್ಕೆ ತಿರುಗಿದರೆ ಮಹಿ, ಆಮೇಲೆ ಅಗಲವಾದ ನರ್ಮದಾ, ಆಮೇಲೆ ತಾಪಿ. ವಡೋದರಾ ಎಡಗಡೆಗೆ ಉಳಿಯುತ್ತದೆ, ಸೂರತ್ ಹೆಚ್ಚುಕಡಿಮೆ ರೆಕ್ಕೆಯ ಕೆಳಗೇ ಬರುತ್ತದೆ. ಬಲಗಡೆ ಖಂಭಾತ್ ಕೊಲ್ಲಿಯ ಕೆಸರು ಬಣ್ಣದ ನೀರು. ದಿಕ್ಸೂಚಿ, ಕೈಗಡಿಯಾರ, ಒಂದು ಸ್ಲೈಡ್ ರೂಲ್, ಮಿಕ್ಕದ್ದು ಕಣ್ಣಳತೆ. ಮಧ್ಯಾಹ್ನ ಜುಹು ಮೈದಾನದಲ್ಲಿ ಜೆಆರ್‌ಡಿ ಇಳಿದಾಗ ಅಲ್ಲಿ ಇನ್ನೊಂದು ಪುಸ್ ಮಾತ್ ಸಿದ್ಧವಾಗಿತ್ತು, ಅದರ ಪಕ್ಕದಲ್ಲಿ ನೆವಿಲ್ ವಿನ್ಸೆಂಟ್.

ಕತೆಯ ಈ ಭಾಗವನ್ನು ಎಲ್ಲರೂ ಹೇಳುವುದಿಲ್ಲ. ಅಂಚೆ ವಿಮಾನದ ಯೋಚನೆ ಮೊದಲು ಹೊಳೆದದ್ದು ವಿನ್ಸೆಂಟ್‌ಗೆ. ದಕ್ಷಿಣ ಆಫ್ರಿಕಾ ಮೂಲದ ಆತ ಬ್ರಿಟಿಷ್ ವಾಯುಪಡೆಯಲ್ಲಿದ್ದು ಹೊರಬಂದವನು. ಹಳೆಯ ವಿಮಾನಗಳೊಡನೆ ಭಾರತಕ್ಕೆ ಬಂದು, ಊರೂರು ತಿರುಗಿ, ದುಡ್ಡು ಕೊಟ್ಟವರನ್ನು ಒಂದು ಸುತ್ತು ಆಕಾಶ ತೋರಿಸಿ ಇಳಿಸುತ್ತಿದ್ದ. ಹಾಗೆ ತಿರುಗುತ್ತಿದ್ದಾಗಲೇ ದೇಶದ ನಕ್ಷೆ ಅವನ ತಲೆಗೆ ಹತ್ತಿರಬೇಕು. 1929ರಲ್ಲಿ ಅವನು ಟಾಟಾ ಸಂಸ್ಥೆಗೆ ಬಂದು ಪ್ರಸ್ತಾವ ಇಟ್ಟ. ಮುಖ್ಯಸ್ಥ ದೊರಾಬ್ಜಿ ಟಾಟಾ ಅವರಿಗೆ ಮನಸ್ಸಿರಲಿಲ್ಲ, ಜೆಆರ್‌ಡಿ ಹಟ ಹಿಡಿದರು. ಸರ್ಕಾರದ ಒಪ್ಪಿಗೆಗೆ ಮತ್ತೆ ವರ್ಷಗಳು ಹಿಡಿದವು. ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಜೆಆರ್‌ಡಿ ಹೆಸರಿನಲ್ಲಿತ್ತು ನಿಜ. ಆದರೆ ಏರ್‌ಲೈನ್ ಹುಟ್ಟಿದ ಶ್ರೇಯಸ್ಸು ಯಾರದು ಎಂದು ಕೇಳಿದಾಗಲೆಲ್ಲ ಅವರು ವಿನ್ಸೆಂಟ್ ಹೆಸರು ಹೇಳಿದರು. ಹೆಸರು ಮಾಡಿದವರು ಹೀಗೆ ಹೆಸರು ಹಂಚಿಕೊಳ್ಳುವುದು ಅಪರೂಪ.

ಜುಹುವಿನಲ್ಲಿ ಅಂಚೆಚೀಲ ಕೈ ಬದಲಾಯಿಸಿತು. ಅದನ್ನು ಹೊತ್ತು ವಿನ್ಸೆಂಟ್ ಹಾರಿದ್ದು ಬಳ್ಳಾರಿಗೆ, ಬಳ್ಳಾರಿಯಿಂದ ಮದ್ರಾಸಿಗೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ದೇಶದ ಮೊದಲ ಭಾರತೀಯ ವಿಮಾನ ಮಾರ್ಗದಲ್ಲಿ ಕನ್ನಡದ ನೆಲದ ಒಂದು ಊರಿತ್ತು ಎಂಬುದನ್ನು ಬಳ್ಳಾರಿಯವರೇ ಈಗ ಅಷ್ಟಾಗಿ ನೆನೆಯುವುದಿಲ್ಲ. ಅಹಮದಾಬಾದ್ ಮತ್ತು ಬಳ್ಳಾರಿ ಒಂದೇ ದಾರದ ಎರಡು ಮಣಿಗಳಾಗಿದ್ದವು. ಒಂದನ್ನು ಪೋಣಿಸಿದವನು ಜೆಆರ್‌ಡಿ, ಇನ್ನೊಂದನ್ನು ವಿನ್ಸೆಂಟ್.

ಹತ್ತು ವರ್ಷ ಕಳೆಯಿತು. ಯುದ್ಧ ನಡೆಯುತ್ತಿತ್ತು. ಭಾರತದಲ್ಲೇ ವಿಮಾನ ತಯಾರಿಸುವ ಟಾಟಾ ಯೋಜನೆಯ ಮಾತುಕತೆಗೆ ವಿನ್ಸೆಂಟ್ ಇಂಗ್ಲೆಂಡಿಗೆ ಹೋಗಿದ್ದ. 1942ರ ಜನವರಿಯಲ್ಲಿ ವಾಪಸು ಬರಲು ಬ್ರಿಟಿಷ್ ವಾಯುಪಡೆಯ ಹಡ್ಸನ್ ಬಾಂಬರ್ ಒಂದರಲ್ಲಿ ಜಾಗ ಸಿಕ್ಕಿತು. ಫ್ರಾನ್ಸಿನ ಕರಾವಳಿಯ ಹೊರಗೆ ಅದನ್ನು ಹೊಡೆದುರುಳಿಸಲಾಯಿತು.

ಜೆಆರ್‌ಡಿ ಆಮೇಲೆ ಅರ್ಧ ಶತಮಾನ ಬದುಕಿದರು. ಟಾಟಾ ಏರ್‌ಲೈನ್ಸ್ ಏರ್ ಇಂಡಿಯಾ ಆಯಿತು, 1953ರಲ್ಲಿ ರಾಷ್ಟ್ರೀಕರಣವಾಯಿತು, 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿತು. 1982ರ ಅಕ್ಟೋಬರ್ 15ರಂದು, 78ನೇ ವಯಸ್ಸಿನಲ್ಲಿ, ಅವರು ಕರಾಚಿಯಿಂದ ಬೊಂಬಾಯಿಗೆ ಅದೇ ದಾರಿಯಲ್ಲಿ ಮತ್ತೊಮ್ಮೆ ಒಬ್ಬರೇ ಹಾರಿದರು. ಪುಸ್ ಮಾತ್ ಬದಲು ಅದರ ತಮ್ಮನಂತಿರುವ ಲೆಪರ್ಡ್ ಮಾತ್. ಎಳೆಯರಲ್ಲಿ ಒಂದಿಷ್ಟು ಹುರುಪು ಹುಟ್ಟಲಿ ಎಂದು ಈ ಹಾರಾಟ ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಅಷ್ಟೇ ಇರಬಹುದು. ಆದರೆ ಬೊಂಬಾಯಿಯಲ್ಲಿ ಚಕ್ರ ನೆಲಕ್ಕೆ ತಾಗಿದಾಗ, ಚೀಲ ಪಡೆದು ಬಳ್ಳಾರಿಯತ್ತ ಹೊರಡಬೇಕಾದವನು ಅಲ್ಲಿರಲಿಲ್ಲ, ಸತ್ತು 40 ವರ್ಷವಾಗಿತ್ತು. ವಾಯುಪಡೆಗಳಲ್ಲಿ ಅಗಲಿದ ಪೈಲಟ್‌ಗೆ ಗೌರವ ಕೊಡಲು ಸಾಲಾಗಿ ಹಾರುವಾಗ ಒಂದು ಜಾಗ ಖಾಲಿ ಬಿಡುತ್ತಾರೆ. ಯಾರೂ ಯೋಜಿಸದೆಯೇ ಆ ದಿನದ ಹಾರಾಟದಲ್ಲಿ ಅಂಥ ಖಾಲಿ ಜಾಗವಿತ್ತು.

*

ಜೆಆರ್‌ಡಿಯ ಇನ್ನೊಂದು ಸ್ನೇಹದ ಎಳೆ ಹಿಡಿದರೆ ಅಹಮದಾಬಾದಿನ ಬೇರೆಯೇ ಕತೆಗೆ ಬಂದು ಮುಟ್ಟುತ್ತೇವೆ. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ 500 ಪೌಂಡ್ ಬಹುಮಾನ ಇಟ್ಟಿದ್ದರು. 1930ರ ಮೇ ತಿಂಗಳಲ್ಲಿ ಜೆಆರ್‌ಡಿ ಕರಾಚಿಯಿಂದ ಹೊರಟರು. ಅತ್ತಲಿಂದ 17 ವರ್ಷದ ಪಾರ್ಸಿ ಹುಡುಗ ಆಸ್ಪಿ ಎಂಜಿನಿಯರ್ ಹೊರಟಿದ್ದ. ಇಬ್ಬರೂ ಈಜಿಪ್ಟಿನ ಅಬೂಕೀರ್‌ನಲ್ಲಿ ಎದುರಾದರು. ಆಸ್ಪಿಯ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಕಿತ್ತು, ಬರುವವರೆಗೆ ಕೂತಿರಬೇಕು. ಜೆಆರ್‌ಡಿ ತಮ್ಮ ಬಳಿಯಿದ್ದ ಹೆಚ್ಚಿನ ಪ್ಲಗ್‌ಗಳನ್ನು ಕೊಟ್ಟುಬಿಟ್ಟರು. ಹುಡುಗ ಹಾರಿದ, ಗೆದ್ದ. ಆ ಗೆಲುವು ಅವನಿಗೆ ವಾಯುಪಡೆಯ ಬಾಗಿಲು ತೆರೆಯಿತು. 1960ರಲ್ಲಿ ಅವರು ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಅದಕ್ಕೆ ಮುಂಚೆ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಮುಖ್ಯಸ್ಥರಾಗಿದ್ದರು.

ಎಂಜಿನಿಯರ್ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರು ವಾಯುಪಡೆ ಸೇರಿದ್ದರು. ಮಿನೂ ಎಂಜಿನಿಯರ್ 1947–48ರ ಕಾಶ್ಮೀರ ಯುದ್ಧದಲ್ಲಿ ಮಹಾವೀರ ಚಕ್ರ ಪಡೆದವರು. ಜಹಾಂಗೀರ್, ಬಳಗದವರ ಬಾಯಲ್ಲಿ ಜಂಗೂ, ವಾಯುಪಡೆಯಿಂದ ಹೊರಬಂದು ಗುಜರಾತ್ ಸರ್ಕಾರದ ವಿಮಾನದ ಪೈಲಟ್ ಆದರು. ಯುದ್ಧ ಕಂಡವರಿಗೆ ಮುಖ್ಯಮಂತ್ರಿಯನ್ನು ಸಭೆಗಳಿಗೆ ಕರೆದೊಯ್ಯುವುದು ಹಗುರ ಕೆಲಸ ಎನಿಸಿದ್ದರೂ ಆಶ್ಚರ್ಯವಿಲ್ಲ.

1965ರ ಸೆಪ್ಟೆಂಬರ್ 19. ಭಾರತ–ಪಾಕಿಸ್ತಾನ ಯುದ್ಧದ ಕೊನೆಯ ದಿನಗಳು. ಮುಖ್ಯಮಂತ್ರಿ ಬಲವಂತರಾಯ್ ಮೆಹತಾ ಅಹಮದಾಬಾದಿನಿಂದ ಹೊರಟು ಮೀಠಾಪುರದಲ್ಲಿ ಸಭೆ ಮುಗಿಸಿ, ಗಡಿಯ ಸ್ಥಿತಿ ನೋಡಲು ಕಛ್ ಕಡೆಗೆ ಹೋಗುತ್ತಿದ್ದರು. ಮೆಹತಾ ಸೂರತ್ ಜಿಲ್ಲೆಯ ಬಾರ್ಡೋಲಿ ಸತ್ಯಾಗ್ರಹದಲ್ಲಿ ಪಳಗಿದವರು. ಕರ್ನಾಟಕಕ್ಕೆ ಅವರ ಪರಿಚಯ ಬೇರೆ ದಾರಿಯಿಂದ: ಅವರ ಸಮಿತಿಯ 1957ರ ವರದಿಯಿಂದಲೇ ದೇಶದಲ್ಲಿ ಪಂಚಾಯತ್ ರಾಜ್ ಕಣ್ಣುಬಿಟ್ಟದ್ದು, ಮೈಸೂರು ರಾಜ್ಯದ 1959ರ ಕಾಯ್ದೆಯೂ ಆ ಗಾಳಿಯಲ್ಲೇ ಬಂದದ್ದು. ವಿಮಾನ ಎರಡು ಎಂಜಿನ್ನಿನ ಬೀಚ್‌ಕ್ರಾಫ್ಟ್. ಮೆಹತಾ, ಪತ್ನಿ ಸರೋಜಬೆನ್, ಮೂವರು ಸಿಬ್ಬಂದಿ, ಒಬ್ಬ ಪತ್ರಕರ್ತ, ಇಬ್ಬರು ವಿಮಾನ ನಡೆಸುವವರು. ಒಟ್ಟು ಎಂಟು ಜನ.

ಪಾಕಿಸ್ತಾನದ ಬದೀನ್‌ನ ರೇಡಾರಿನಲ್ಲಿ ಗಡಿಯ ಸಮೀಪ ಏನೋ ಕಾಣಿಸಿತು. ಅದನ್ನು ನೋಡಿಬರಲು ಕರಾಚಿ ಬಳಿಯ ಮೌರಿಪುರ ನೆಲೆಯಿಂದ ಸೇಬರ್ ಜೆಟ್ಟಿನಲ್ಲಿ ಏರಿದವನು ಫ್ಲೈಯಿಂಗ್ ಆಫೀಸರ್ ಕೈಸ್ ಹುಸೇನ್, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ. ಗುರಿಯ ಹತ್ತಿರ ಬಂದಾಗ ಅವನು ಒಬ್ಬನೇ ಇದ್ದ. ಕಂಡದ್ದು ಯುದ್ಧವಿಮಾನವಲ್ಲ. ಇನ್ನೂ ಹತ್ತಿರ ಹೋದ. ಮೈಮೇಲೆ ವಿಟಿ ಎಂಬ ಅಕ್ಷರಗಳು, ಭಾರತದ ನಾಗರಿಕ ವಿಮಾನ. ಗುಂಡು ಹಾರಿಸುವ ಬದಲು ಅವನು ರೇಡಿಯೋದಲ್ಲಿ ಕೆಳಗಿನವರಿಗೆ ಹೇಳಿದ: ಇದು ಎಂಟು ಜನ ಕೂರುವ ಸಾಗಣೆ ವಿಮಾನ, ಏನು ಮಾಡಲಿ. ಅಷ್ಟರಲ್ಲಿ ಜಂಗೂ ಎಂಜಿನಿಯರ್ ಜೆಟ್ಟನ್ನು ನೋಡಿದ್ದರು. ವಿಮಾನವನ್ನು ಮೇಲಕ್ಕೆತ್ತಿ ರೆಕ್ಕೆಗಳನ್ನು ಎಡಬಲ ಅಲುಗಿಸಿದರು. ಇಬ್ಬರಿಗೂ ಒಬ್ಬರೊಡನೊಬ್ಬರು ಮಾತಾಡುವ ತರಂಗವಿರಲಿಲ್ಲ. ಆದರೆ ರೆಕ್ಕೆ ಅಲುಗಿಸಿದರೆ ಏನರ್ಥ ಎಂಬುದು ಯಾವ ದೇಶದ ಪೈಲಟ್‌ಗೂ ಗೊತ್ತು. ನಾವು ಹಾನಿ ಮಾಡುವವರಲ್ಲ, ಬಿಟ್ಟುಬಿಡಿ ಎಂದು.

ಕೆಲವು ನಿಮಿಷ ಕಳೆದವು. ಬೀಚ್‌ಕ್ರಾಫ್ಟ್ ಹೊಸ ರಂಗ ತೆರೆಯಲು ಗಡಿ ಪರಿಶೀಲನೆ ಮಾಡುತ್ತಿದೆ ಎಂಬ ಅನುಮಾನ ಕೆಳಗಿನವರದು. ಕೊನೆಗೆ ಬಂದ ಆದೇಶ, ಹೊಡೆ ಎಂದು. ಕೈಸ್ ಹುಸೇನ್ ಹಿಂದಕ್ಕೆ ಬಂದು ಹೊಡೆದ. ವಿಮಾನ ಕಛ್‌ನ ಸುಥರಿ ಎಂಬ ಹಳ್ಳಿಯ ಬಳಿ ಬಿತ್ತು. ಯಾರೂ ಉಳಿಯಲಿಲ್ಲ. ಒಳಗೆ ಯಾರಿದ್ದರು ಎಂದು ಅವನಿಗೆ ತಿಳಿದದ್ದು ಆ ಸಂಜೆ, ಆಕಾಶವಾಣಿಯ ವಾರ್ತೆಯಿಂದ. ನಾಲ್ಕು ದಿನದಲ್ಲಿ ಕದನವಿರಾಮ. ಅಹಮದಾಬಾದಿನಲ್ಲಿ ಸೂರತ್‌ನ ಹಿತೇಂದ್ರ ದೇಸಾಯಿ ಮುಖ್ಯಮಂತ್ರಿಯಾದರು. ಇತಿಹಾಸದ ಪುಸ್ತಕಗಳಲ್ಲಿ ಘಟನೆ ಒಂದು ಸಾಲಾಯಿತು, ಆ ಸಾಲಿನಲ್ಲಿ ಪೈಲಟ್‌ನ ಹೆಸರು ಸಾಮಾನ್ಯವಾಗಿ ಇರಲಿಲ್ಲ.

46 ವರ್ಷಗಳ ನಂತರ, 2011ರಲ್ಲಿ, ಪಾಕಿಸ್ತಾನ ವಾಯುಪಡೆಯ ನಿವೃತ್ತ ಅಧಿಕಾರಿ, ಇತಿಹಾಸಕಾರ ಕೈಸರ್ ತುಫೈಲ್ ಈ ಘಟನೆಯ ಬಗ್ಗೆ ವಿವರವಾಗಿ ಬರೆದರು. ಅದನ್ನು ಓದಿದ ಮೇಲೆ ಕೈಸ್ ಹುಸೇನ್‌ಗೆ ಸುಮ್ಮನಿರಲಾಗಲಿಲ್ಲ. ಪರಿಚಿತರ ಮೂಲಕ, ಎರಡೂ ದೇಶಗಳ ವಿಮಾನಾಸಕ್ತರ ಕೊಂಡಿ ಹಿಡಿದು, ಜಂಗೂ ಎಂಜಿನಿಯರ್ ಅವರ ಮಗಳ ಇಮೇಲ್ ವಿಳಾಸ ಹುಡುಕಿಸಿ ಆಗಸ್ಟ್‌ನಲ್ಲಿ ಪತ್ರ ಬರೆದರು. ಘಟನೆ ನಿನ್ನೆ ನಡೆದಂತೆ ನೆನಪಿದೆ ಎಂದು ಆರಂಭಿಸಿ, ಆ ಮಧ್ಯಾಹ್ನದ ಪ್ರತಿ ಹೆಜ್ಜೆಯನ್ನೂ ಹೇಳಿದರು: ಎಷ್ಟು ಹತ್ತಿರ ಹೋಗಿದ್ದೆ, ಅಕ್ಷರ ಹೇಗೆ ಓದಿದೆ, ನಿಮ್ಮ ತಂದೆ ಏನು ಮಾಡಿದರು, ಆದೇಶ ಹೇಗೆ ಬಂತು.

ಈ ಪತ್ರವನ್ನು ಕ್ಷಮಾಪಣೆ ಎಂದು ಪತ್ರಿಕೆಗಳು ಕರೆದವು. ಗಮನಿಸಿ ಓದಿದರೆ ಅದು ಹಾಗಿಲ್ಲ. ತಾನು ನಿಯಮ ಮೀರಲಿಲ್ಲ, ಮೋಸ ಮಾಡಲಿಲ್ಲ ಎಂಬುದನ್ನು ಅವರು ಸ್ಪಷ್ಟವಾಗಿಯೇ ಹೇಳಿಕೊಂಡಿದ್ದಾರೆ. ಬರೆದದ್ದು ಸಂತಾಪದ ಪತ್ರ, ಸತ್ತವರ ಮನೆಗೆ ಹೋಗಿ ಕೂತು ಬರುವುದಕ್ಕೆ ಬದಲಾಗಿ. ಎದುರಿಗೆ ಬಂದು ಹೇಳುವ ಅವಕಾಶವಿದ್ದರೆ ಬರುತ್ತಿದ್ದೆ ಎಂಬ ಮಾತೂ ಅದರಲ್ಲಿತ್ತು. ತಪ್ಪೊಪ್ಪಿಗೆಗಿಂತ ಇದು ಹೆಚ್ಚು ಕಷ್ಟದ್ದು. ತಪ್ಪೊಪ್ಪಿಕೊಂಡವನಿಗೆ ಹಗುರವಾಗುವ ಆಸೆಯಾದರೂ ಇರುತ್ತದೆ. ತನ್ನದು ತಪ್ಪಲ್ಲ ಎಂದುಕೊಂಡೇ 46 ವರ್ಷ ಆ ಅಲುಗುವ ರೆಕ್ಕೆಗಳನ್ನು ಮರೆಯದವನಿಗೆ ಅದೂ ಇಲ್ಲ.

ಮಗಳು ಕೆಲವೇ ದಿನಗಳಲ್ಲಿ ಉತ್ತರಿಸಿದರು. ಆ ಘಟನೆ ತಮ್ಮೆಲ್ಲರ ಬದುಕಿನ ದಿಕ್ಕನ್ನೇ ನಿರ್ಧರಿಸಿತು ಎಂದು ಮುಚ್ಚುಮರೆಯಿಲ್ಲದೆ ಬರೆದರು. ಆದರೆ ಗುಂಡಿ ಒತ್ತಿದವನ ಮೇಲೆ ಒಂದು ಗಳಿಗೆಯೂ ದ್ವೇಷ ಇಟ್ಟುಕೊಳ್ಳಲಿಲ್ಲ, ಯುದ್ಧದ ಆಟದಲ್ಲಿ ಎಲ್ಲರೂ ಕಾಲಾಳುಗಳೇ ಎಂದರು. ಅವರಿಗೆ ಆ ಪತ್ರದಿಂದ ಸಿಕ್ಕಿದ್ದು ಇನ್ನೊಂದಿದೆ. ತಂದೆಯ ಕೊನೆಯ ನಿಮಿಷಗಳನ್ನು ಕಂಡವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು. ವಿಮಾನದೊಳಗಿದ್ದ ಎಂಟು ಜನರಲ್ಲಿ ಹೇಳಲು ಯಾರೂ ಇರಲಿಲ್ಲ. ಜಂಗೂ ಎಂಜಿನಿಯರ್ ಕೊನೆಯವರೆಗೆ ವಿಮಾನವನ್ನು ಹೇಗೆ ನಡೆಸಿದರು ಎಂಬುದನ್ನು ಮನೆಯವರಿಗೆ ಹೇಳಬಲ್ಲವನು ಅವರನ್ನು ಕೆಡವಿದವನು ಮಾತ್ರ.

*

ಮಾನಿಟರಿನ ಆಕಾಶದಲ್ಲಿ ಇಂಥದಕ್ಕೆ ಜಾಗವಿಲ್ಲ. ಅಲ್ಲಿ ವಿಮಾನ ಬಿದ್ದರೆ ಒಂದು ಗುಂಡಿ ಒತ್ತಿ ಮತ್ತೆ ರನ್‌ವೇಗೆ ಬರಬಹುದು. ಅದರ ದೊಡ್ಡ ಸುಖವೂ ಅದೇ, ಕೊರತೆಯೂ ಅದೇ. ಸೂರತ್‌ನಲ್ಲಿ 2014ರ ನವೆಂಬರ್‌ನಲ್ಲಿ ಹೊರಡುತ್ತಿದ್ದ ವಿಮಾನಕ್ಕೆ ಎಮ್ಮೆ ಅಡ್ಡ ಬಂದು ಡಿಕ್ಕಿಯಾಗಿತ್ತು. ಸಿಮ್ಯುಲೇಟರಿನ ಸೂರತ್‌ಗೆ ಎಮ್ಮೆ ಕಟ್ಟುವವರು ಯಾರು? ಆದರೆ ನೆಲದ ಮೇಲೆ ಅಳಿಸಿಹೋದದ್ದನ್ನು ಉಳಿಸಿಕೊಳ್ಳುವ ಶಕ್ತಿ ಅದಕ್ಕಿದೆ. ಶಿಕಾಗೋದ ಸರೋವರದ ದಂಡೆಯಲ್ಲಿದ್ದ ಮೀಗ್ಸ್ ಎಂಬ ಪುಟ್ಟ ನಿಲ್ದಾಣ ಮೈಕ್ರೋಸಾಫ್ಟ್ ಸಿಮ್ಯುಲೇಟರಿನ ಹಳೆಯ ಆವೃತ್ತಿಗಳಲ್ಲಿ ಆಟ ಶುರುವಾಗುವ ಜಾಗ. ಜಗತ್ತಿನ ಮೂಲೆಮೂಲೆಯ ಹುಡುಗರು ಮೊದಲ ಸಲ ಹಾರಿದ್ದು ಅಲ್ಲಿಂದ. 2003ರ ಮಾರ್ಚ್ ಕೊನೆಯ ಒಂದು ರಾತ್ರಿ ನಗರದ ಮೇಯರ್ ಬುಲ್ಡೋಜರ್ ಕಳಿಸಿ ಅದರ ರನ್‌ವೇ ಅಗೆಸಿಹಾಕಿದರು. ಶಿಕಾಗೋ ಕಾಣದವರೂ ನೊಂದುಕೊಂಡರು. ಹಳೆಯ ಸಿಡಿ ಇಟ್ಟುಕೊಂಡವರಿಗೆ ಮೀಗ್ಸ್ ಇವತ್ತಿಗೂ ಇದೆ.

ಅಹಮದಾಬಾದಿನ ನಿಲ್ದಾಣಕ್ಕೆ ಸಾವಿನ ಪರಿಚಯ ಹೊಸದಲ್ಲ. 1988ರ ಅಕ್ಟೋಬರ್ 19ರ ಬೆಳಿಗ್ಗೆ ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಮಬ್ಬಿನಲ್ಲಿ ರನ್‌ವೇ ಮುಟ್ಟುವ ಮೊದಲೇ ಬಿತ್ತು. ಒಳಗಿದ್ದ 135 ಜನರಲ್ಲಿ ಬೆರಳೆಣಿಕೆಯಷ್ಟು ಜನ ಉಳಿದರು. 2025ರ ಜೂನ್ 12ರ ಮಧ್ಯಾಹ್ನ 23ನೇ ರನ್‌ವೇಯಿಂದ ಲಂಡನ್ನಿಗೆ ಎದ್ದ ಏರ್ ಇಂಡಿಯಾ ವಿಮಾನ ಅರ್ಧ ನಿಮಿಷದಲ್ಲಿ ಬಿ.ಜೆ. ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರು ಬದುಕಿದರು, ನೆಲದ ಮೇಲಿದ್ದ 19 ಜನ ಸತ್ತರು.

ಸಿಮ್ಯುಲೇಟರಿನ ವಿಎಎಎಚ್‌ನಲ್ಲೂ ಅದೇ 23ನೇ ರನ್‌ವೇ ಇದೆ. ಕೊನೆಯಲ್ಲಿ ನಗರ, ಅದರಾಚೆ ಸಾಬರಮತಿ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಮಹಿ, ನರ್ಮದಾ, ತಾಪಿ, ಪುಸ್ ಮಾತ್ ಕಂಡ ಕ್ರಮದಲ್ಲೇ. ವ್ಯಾಟ್ಸಿಮ್‌ನಲ್ಲಿ ಬಹುತೇಕ ರಾತ್ರಿ ಈ ಊರುಗಳ ಗೋಪುರಗಳು ಖಾಲಿ ಇರುತ್ತವೆ, ಹವ್ಯಾಸಿ ನಿಯಂತ್ರಕರಿಗೆ ಮರುದಿನ ಕೆಲಸವಿರುತ್ತದೆ. ಗೋಪುರದಲ್ಲಿ ಯಾರೂ ಇಲ್ಲದಾಗ ಏನು ಮಾಡಬೇಕೆಂಬುದಕ್ಕೂ ನಿಯಮವಿದೆ. ಪೈಲಟ್ 122.800ರ ತರಂಗಕ್ಕೆ ಬಂದು, ತಾನು ಯಾರು, ಎಲ್ಲಿದ್ದೇನೆ, ಎತ್ತ ಹೋಗುತ್ತಿದ್ದೇನೆ ಎಂದು ಸುತ್ತಲಿನವರಿಗೆ ತಾನೇ ಹೇಳಬೇಕು. ಸುತ್ತ ಯಾರಾದರೂ ಇದ್ದರೆ ಅವರು ಉತ್ತರಿಸುತ್ತಾರೆ.